ಎರಡು ಚತುರ್ಮುಖ ಬಸದಿಗಳು



ಕಾರ್ಕಳದ ಚತುರ್ಮುಖ ಬಸದಿಯನ್ನು ನೋಡದವರು ಈ ಸೀಮೆಯಲ್ಲಿ ವಿರಳ. ಗೊಮ್ಮಟನ ಬೆಟ್ಟಕ್ಕೆ ಎದುರಾಗಿ ನಿಂತಿರುವ ಈ ಶಿಲಾಮಂದಿರವನ್ನು 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ. ನಾಲ್ಕು ದಿಕ್ಕಿಗೂ ಒಂದೊಂದು ಬಾಗಿಲು. ಯಾವ ಬಾಗಿಲಿನಿಂದ ಒಳಹೊಕ್ಕರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನವಾಗುತ್ತದೆ.

ಇದೇ ಬಗೆಯ ಇನ್ನೊಂದು ಕಲ್ಲಿನ ಬಸದಿ ಉತ್ತರ ಕನ್ನಡದ ಗೇರುಸೊಪ್ಪೆಯಲ್ಲಿದೆ. ಹೊನ್ನಾವರದಿಂದ ಶರಾವತಿಯ ಗುಂಟ ಸುಮಾರು 30 ಕಿಲೋಮೀಟರ್ ಒಳಗೆ ಹೋಗಿ, ಹೊಳೆ ದಾಟಿದರೆ ಕಾಡಿನ ನಡುವೆ ಅದು ಕಾಣುತ್ತದೆ. ಅಲ್ಲೂ ನಾಲ್ಕು ಬಾಗಿಲು, ನಾಲ್ಕು ಕಡೆಗೂ ಮುಖ ಮಾಡಿದ ಜಿನಬಿಂಬಗಳು. ಆದರೆ ಸುತ್ತ ಊರಿಲ್ಲ. ಈಗ ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ.

ಒಂದು ಉಳಿದು ಇನ್ನೊಂದು ಪಾಳುಬಿದ್ದದ್ದೇಕೆ? ಕಲ್ಲಿನ ಗಟ್ಟಿತನದಲ್ಲಿ ಇದಕ್ಕೆ ಉತ್ತರವಿಲ್ಲ.

16ನೇ ಶತಮಾನದಲ್ಲಿ ಗೇರುಸೊಪ್ಪೆ ಕಾಳುಮೆಣಸಿನ ದೊಡ್ಡ ಪೇಟೆ. ಅಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. 17ನೇ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಆಕೆಯ ರಾಜ್ಯವನ್ನು ಗೆದ್ದುಕೊಂಡ. ಅರಮನೆ ಹೋಯಿತು, ಪೇಟೆ ಒಡೆಯಿತು, ಜನ ಚದುರಿದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಗೆ ಹೋಗುವಾಗ ಈ ದಾರಿಯಲ್ಲಿ ಬಂದ. ಹಿಂದೆ ಹೆಸರಾಗಿದ್ದ ನಗರದಲ್ಲಿ ಆಗಲೇ ಗಿಡಮರ ಬೆಳೆದಿದ್ದವು. ಎರಡು ದಶಕ ತುಂಬುವಷ್ಟರಲ್ಲಿ ಕಾಡು ಊರನ್ನು ನುಂಗತೊಡಗಿತ್ತು.

ಕಾರ್ಕಳದ ಅರಸರೂ ಉಳಿಯಲಿಲ್ಲ. ಆದರೆ ಭೈರರಸ ಬಸದಿ ಕಟ್ಟಿಸಿ ಕೈತೊಳೆದುಕೊಂಡಿರಲಿಲ್ಲ. ನಿತ್ಯಪೂಜೆಗೆ ಗ್ರಾಮದ ಹುಟ್ಟುವಳಿಯನ್ನು ಬಿಟ್ಟುಕೊಟ್ಟು, ಅದನ್ನು ಶಾಸನದಲ್ಲಿ ಕೊರೆಯಿಸಿದ್ದ. ಅರಸೊತ್ತಿಗೆ ಅಳಿದ ಮೇಲೂ ಊರು ಇತ್ತು, ಮಠವಿತ್ತು, ದೀಪ ಹಚ್ಚುವ ಶ್ರಾವಕರಿದ್ದರು.

ಹಾಗಾದರೆ ಗೇರುಸೊಪ್ಪೆಯ ಬಸದಿಗೆ ಹೊಸ ಗೋಡೆ, ಹೊಸ ಶಿಖರ ಏರಿಸಬೇಕೆ? ಜೀರ್ಣೋದ್ಧಾರ ಪುಣ್ಯಕಾರ್ಯವೆಂಬುದು ಈ ನಾಡಿನ ಹಳೆಯ ನಂಬಿಕೆ. ಆದರೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಬೇರೊಂದು ದಾರಿ ಹಿಡಿದರು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬುಗಳಿಗೆ ಅಲ್ಲಿನ ಮಧ್ಯಯುಗದ ಮಹಾ ಇಗರ್ಜಿ ಸುಟ್ಟುಹೋಯಿತು. ಸೂರಿಲ್ಲದ ಗೋಡೆಗಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಹೊಸದನ್ನು ಕಟ್ಟಿ 1962ರಲ್ಲಿ ಪ್ರತಿಷ್ಠೆ ಮಾಡಿದರು. ಪ್ರಾರ್ಥನೆಗೆ ಹೊಸ ಮಂದಿರ, ನೆನಪಿಗೆ ಹಳೆಯ ಗೋಡೆ.

ಗೇರುಸೊಪ್ಪೆಗೂ ಇದೇ ನ್ಯಾಯ ಒಪ್ಪುತ್ತದೆ. ಅಲ್ಲಿನ ಬರಿದಾದ ಬಸದಿ ಒಂದು ನಗರ ಅಳಿದದ್ದಕ್ಕೆ ಸಾಕ್ಷಿ. ಗಿಡಗಳ ಬೇರು ಕಲ್ಲನ್ನು ಸೀಳದಂತೆ, ಮಳೆನೀರು ತಳಪಾಯಕ್ಕೆ ಇಳಿಯದಂತೆ ಕಾದರೆ ಸಾಕು. ಹೊಸದಾಗಿ ಕಟ್ಟಿದರೆ ಆ ಸಾಕ್ಷಿಯೇ ಅಳಿಸಿಹೋದೀತು. ಕಾರ್ಕಳದ ಬಸದಿಗೆ ಬೇಕಾದದ್ದು ಬೇರೆ: ನಿತ್ಯ ಬಂದುಹೋಗುವ ಜನ.

ಗೇರುಸೊಪ್ಪೆಯ ಆ ಜಾಗಕ್ಕೆ ಇಂದಿಗೂ ನಗರಬಸ್ತಿಕೇರಿ ಎಂದು ಹೆಸರು. ನಗರ ಹೋಗಿದೆ, ಕೇರಿ ಕರಗಿದೆ. ನಡುವಿನ ಬಸ್ತಿಯೊಂದು ಉಳಿದಿದೆ. ಕಾರ್ಕಳದವರು ಒಮ್ಮೆ ಅಲ್ಲಿಗೆ ಹೋಗಿಬರಬೇಕು.