ಧ್ಯಾನದಲ್ಲಿ ಕಾಲು ಜೋಮು ಹಿಡಿದ್ರೆ?

ಜಪಾನಿನ ಒಂದು ಸೋತೋ ಝೆನ್ ದೇವಾಲಯದಲ್ಲಿ ಮೊದಲ ಸಲ ಧ್ಯಾನಕ್ಕೆ ಹೋಗಿದ್ದೆ. ಫೋನ್ ಆಫ್, ಚಪ್ಪಲಿ ಹೊರಗೆ, ಇಷ್ಟು ಗೊತ್ತಿತ್ತು. ಕೂರುವ ದುಂಡು ದಿಂಬಿಗೆ ಝಫು ಅಂತಾರೆ. ಮೊದಲು ಅದರ ಕಡೆ ಬಾಗಿ ಕೈಮುಗಿಯಬೇಕು. ನಾನು ಬಾಗಿದ್ದೇ ತಡ, ಅಕ್ಕಪಕ್ಕ ಕೂತಿದ್ದವರೂ ಕೈಮುಗಿದ್ರು. ನನಗ್ಯಾಕಪ್ಪಾ ಅಂತ ಗಲಿಬಿಲಿ! ಅದು ಅವರಿಗೂ ಸಲ್ಲುವ ನಮಸ್ಕಾರವಂತೆ.

ಆಮೇಲೆ ಗೋಡೆಗೆ ಮುಖ. 20 ನಿಮಿಷಕ್ಕೆ ಕಾಲು ಜೋಮು. ಅಲುಗಾಡಿದ್ರೆ ಅಗೌರವ ಅಂತ ಹಲ್ಲು ಕಚ್ಚಿ ಕೂತೆ. ಗಂಟೆ ಬಾರಿಸಿದಾಗ ಎದ್ದವಳು ಪಕ್ಕದ ಅಜ್ಜಿಯ ಮೇಲೇ ಬಿದ್ದುಬಿಟ್ಟೆ!

ಅವರು ಬೈಯಲಿಲ್ಲ. ಹೊರಗೆ ಬಂದ ಮೇಲೆ ಮಾಡಿ ತೋರಿಸಿದ್ರು: ಕೈಮುಗಿ, ಸದ್ದಿಲ್ಲದೆ ಕಾಲು ಬದಲಿಸು, ಮತ್ತೆ ಕೂತುಕೋ. ಮರುದಿನ ಎರಡು ಸಲ ಬದಲಿಸಿದೆ. ಯಾರೂ ತಿರುಗಿ ನೋಡಲಿಲ್ಲ.