ಪರದೆಯ ಪಾಠ ಮತ್ತು ಲೇಖನಿ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪವಿತ್ರ ಕುರ್‌ಆನ್‌ನಲ್ಲಿ ಮೊಟ್ಟಮೊದಲು ಅವತೀರ್ಣವಾದ ವಚನಗಳಲ್ಲಿ ಓದಿನ ಜೊತೆಗೇ ಲೇಖನಿಯ ಪ್ರಸ್ತಾಪವೂ ಇದೆ. ಓದಿನ ಬಗ್ಗೆ ನಾವು ಪ್ರತಿವರ್ಷ ಮಾತನಾಡುತ್ತೇವೆ. ಇಂದು ಲೇಖನಿಯ ಬಗ್ಗೆ ನಾಲ್ಕು ಮಾತು.

ಮನೆಯಲ್ಲಿದ್ದುಕೊಂಡೇ ಪದವಿ ಓದುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತು. ಅದರ ಮುಂದುವರಿಕೆಯಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. 1998ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯವೂ ದೂರಶಿಕ್ಷಣ ನೀಡುತ್ತಿದೆ. 2017ರಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ಬಂತು. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ಅದರ ಮೂಲಕವೇ ಮಾಡಬಹುದು. ಮಗ್ಗೆಯಂಥ ಊರಿನ ಹೆಣ್ಣುಮಕ್ಕಳಿಗೆ ಇದು ತೆರೆದ ಬಾಗಿಲು.

ಆದರೆ ಪಾಠ ಕೇಳುವುದು ಬೇರೆ, ಬರೆಯುವುದು ಬೇರೆ. ಪದವಿ ಓದುವ ಕೆಲವರು ತಮ್ಮ ಅಸೈನ್‌ಮೆಂಟುಗಳನ್ನು ವಾಟ್ಸಾಪಿನಲ್ಲಿ ನನಗೆ ಕಳುಹಿಸುತ್ತಾರೆ. ಒಮ್ಮೆ ಒಬ್ಬ ವಿದ್ಯಾರ್ಥಿನಿಯ ಮೂರು ಪುಟಗಳನ್ನು ಪೂರ್ತಿ ಕೆಂಪು ಮಾಡಿ ಹಿಂದಿರುಗಿಸಿದೆ. ಆಮೇಲೆ ಅವಳು ಏನನ್ನೂ ಕಳುಹಿಸಲಿಲ್ಲ. ತಿಂಗಳುಗಳ ನಂತರ ಮದುವೆ ಮನೆಯಲ್ಲಿ ಸಿಕ್ಕಾಗ, "ಯಾವುದನ್ನು ಮೊದಲು ತಿದ್ದಬೇಕು ಅಂತಾನೇ ಗೊತ್ತಾಗ್ಲಿಲ್ಲ ಟೀಚರ್" ಎಂದಳು. ತಪ್ಪು ನನ್ನದು. ಎದುರಿಗಿದ್ದಿದ್ದರೆ ಅವಳ ಮುಖ ನೋಡಿ ಎರಡನೇ ಸಾಲಿಗೇ ನಿಲ್ಲಿಸುತ್ತಿದ್ದೆ.

ಈಗ ಒಂದು ಬರಹದಲ್ಲಿ ಒಂದೇ ಬಗೆಯ ತಪ್ಪನ್ನು ಗುರುತಿಸುತ್ತೇನೆ. ಉರ್ದುವಿನಲ್ಲಿ 'ಳ' ಇಲ್ಲ. ಆದ್ದರಿಂದ ನಮ್ಮ ಮಕ್ಕಳ ಕೈಯಲ್ಲಿ 'ಹಳ್ಳಿ' ಎಂಬುದು 'ಹಲ್ಲಿ' ಆಗುತ್ತದೆ. ಫೋನಿನಲ್ಲಿ ಎಷ್ಟು ಹೇಳಿದರೂ ಎರಡೂ ಒಂದೇ ಥರ ಕೇಳಿಸುತ್ತವೆ. ಎದುರು ಕೂರಿಸಿ ನಾಲಿಗೆ ಮಡಿಸುವುದನ್ನು ತೋರಿಸಿದರೆ ಹತ್ತು ನಿಮಿಷದ ಕೆಲಸ. ಆನ್‌ಲೈನ್ ಪಾಠದ ಜೊತೆಗೆ ಮುಖಾಮುಖಿ ಪಾಠವೂ ಬೇಕು ಎನ್ನುವುದು ಇದಕ್ಕೇ.

ವಿದ್ಯಾರ್ಥಿಗಳೇ, ಇಂದು ಕೇಳಿದರೆ ಯಂತ್ರವೇ ಉತ್ತರ ಬರೆದುಕೊಡುತ್ತದೆ. ಅಂಕ ಸಿಗಲೂಬಹುದು. ಆದರೆ ಪರೀಕ್ಷಾ ಕೊಠಡಿಯಲ್ಲಿ ನೀವು ಒಬ್ಬರೇ. ತಪ್ಪಿರಲಿ, ನಿಮ್ಮದನ್ನೇ ಬರೆದು ತನ್ನಿ. ಒಮ್ಮೆ ತಿದ್ದಿಸಿಕೊಂಡು ಮತ್ತೊಮ್ಮೆ ಬರೆಯಿರಿ.

ಹಿರಿಯರಲ್ಲಿ ಒಂದೇ ಬೇಡಿಕೆ. ಭಾನುವಾರ ಎರಡು ಗಂಟೆ ಒಂದು ಕೊಠಡಿ ಕೊಡಿ. ತಿದ್ದಲು ನಾನು ಬರುತ್ತೇನೆ. ಓದಿದ ನೀವೂ ಒಬ್ಬೊಬ್ಬರು ಬನ್ನಿ.

ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸಲಿ. ಆಮೀನ್.