ಅಪ್ಪನ ಸಾಲ ಎಷ್ಟು, ಗೊತ್ತಿದೆಯಾ?

ಐರೋಳಿಯ ಐಟಿ ಪಾರ್ಕಿನಲ್ಲೋ, ಠಾಣೆಯ ವಾಗ್ಳೆ ಎಸ್ಟೇಟಿನಲ್ಲೋ, ಮಹಾಪೆಯ ಯಾವುದೋ ಆಫೀಸಿನಲ್ಲೋ ಈ ವರ್ಷ ಮೊದಲ ಸಂಬಳ ಎಣಿಸಿದ ನಮ್ಮ ಹುಡುಗ ಹುಡುಗಿಯರನ್ನು ಒಂದು ಮಾತು ಕೇಳಬೇಕಾಗಿದೆ. ನಿಮ್ಮ ಮನೆಯ ಮೇಲೆ ಒಟ್ಟು ಎಷ್ಟು ಸಾಲ ಇದೆ? ಡೊಂಬಿವಲಿಯ ಫ್ಲ್ಯಾಟಿನ ಲೋನ್ ಒಂದನ್ನೇ ಕೇಳುತ್ತಿಲ್ಲ. ಅಕ್ಕನ ಮದುವೆಗೆ ತೆಗೆದ ಪರ್ಸನಲ್ ಲೋನ್, ನಿಮ್ಮ ಇಂಜಿನಿಯರಿಂಗ್ ಫೀಸಿಗೆಂದು ಅಡವಿಟ್ಟ ಅಮ್ಮನ ಬಳೆ, ಊರಿನ ಮನೆಗೆ ಸ್ಲ್ಯಾಬ್ ಹಾಕಿಸುವಾಗ ಭಾವನ ಹತ್ತಿರ ತಂದ ಕೈಗಡ, ಅಜ್ಜಿಯ ಆಪರೇಷನ್ನಿನ ದಿನ ಕ್ರೆಡಿಟ್ ಕಾರ್ಡ್ ಉಜ್ಜಿದ್ದು, ಎಲ್ಲ ಸೇರಿ ಎಷ್ಟು?

ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕೇಳಿದರೆ, ‘ಅದೆಲ್ಲ ಅಪ್ಪ ನೋಡಿಕೊಳ್ಳುತ್ತಾರೆ’ ಎನ್ನುತ್ತೀರಿ. ಅಪ್ಪನೂ ಇಪ್ಪತ್ತು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದಾರೆ: ‘ನೀನು ಓದು, ಆ ಚಿಂತೆ ನಿನಗೆ ಬೇಡ.’ ಅಮ್ಮನಿಗೆ ಅರ್ಧ ಗೊತ್ತು, ಉಳಿದರ್ಧವನ್ನು ಅವರು ಅಪ್ಪನ ಮುಖ ನೋಡಿ ಊಹಿಸುತ್ತಾರೆ. ನಿಮಗೆ ಗೊತ್ತಿರುವುದು ತಿಂಗಳ ಐದನೇ ತಾರೀಖಿಗೆ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ ಎಂಬುದಷ್ಟೇ. ನಮ್ಮವರು ಇದನ್ನು ಮರ್ಯಾದೆ ಎಂದುಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ. ಬಡ್ಡಿಯಷ್ಟೇ ದುಬಾರಿಯಾದದ್ದು ಈ ಗುಟ್ಟು. ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ಸಾಲವನ್ನು ಆ ಒಬ್ಬರೇ, ರಾತ್ರಿ ನಿದ್ದೆ ಬಿಟ್ಟು, ಇನ್ನೊಂದು ಸಾಲ ತೆಗೆದು ತೀರಿಸುತ್ತಿರುತ್ತಾರೆ.

ಹಾಗೆಂದು ಸಾಲವನ್ನು ಒಂಟಿಯಾಗಿ ಹೊರುವುದು ಮುಂಬಯಿಗೆ ಬಂದ ನಮ್ಮವರ ಹಳೆಯ ಜಾಯಮಾನವೇನಲ್ಲ. ಕೆನರಾದ ಚಿತ್ರಾಪುರ ಸಾರಸ್ವತ ಸಮಾಜದ ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘವೂ ಅವರ ಮುಂದಾಳತ್ವದಲ್ಲೇ ಎದ್ದಿತು. ನಾವು ಇವತ್ತು ‘ಸೊಸೈಟಿ ಮೀಟಿಂಗ್’ ಎಂದು ಮೂಗು ಮುರಿಯುತ್ತೇವಲ್ಲ, ಆ ಪದ್ಧತಿಗೆ ಈ ದೇಶದಲ್ಲಿ ಮೊದಲು ಬುನಾದಿ ಹಾಕಿದವರ ಸಾಲಿನಲ್ಲಿ ಅವರಿದ್ದಾರೆ. ಮೊಗವೀರರು 1946ರಲ್ಲಿ ತಮ್ಮ ಸಹಕಾರಿ ಬ್ಯಾಂಕ್ ತೆರೆದರು, ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕ್ ಆರಂಭಿಸಿದರು. ಹೋಟೆಲಿನಲ್ಲಿ ಹಗಲೆಲ್ಲ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರಿಗೆ ಒಬ್ಬನ ಕೈಲಾಗದ್ದು ಹತ್ತು ಜನರ ಕೈಲಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇವೆಲ್ಲಕ್ಕಿಂತ ನನಗೆ ಹತ್ತಿರವಾದದ್ದು ಪಿಗ್ಮಿಯ ಕಥೆ. 1925ರಲ್ಲಿ ಉಡುಪಿಯಲ್ಲಿ ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಇಟ್ಟರು, ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದ ಕೆಲಸ ಬಿದ್ದುಹೋಗಿ ನೇಕಾರರು ಕಂಗಾಲಾಗಿದ್ದ ಕಾಲ ಅದು. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ಬ್ಯಾಂಕಿನ ಏಜೆಂಟ್ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆ ಈಸಿಕೊಂಡು ಬರೆದುಕೊಂಡು ಹೋಗುತ್ತಿದ್ದ. ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಪಾಲು. ತಿಂಗಳ ಕೊನೆಗೆ ಉಳಿದದ್ದನ್ನು ಕೂಡಿಡುತ್ತೇನೆ ಎಂದವನ ಹತ್ತಿರ ಏನೂ ಉಳಿಯುವುದಿಲ್ಲ ಎಂದು ಪೈಗಳಿಗೆ ಗೊತ್ತಿತ್ತು. ಹಣ ಖರ್ಚಾಗುವ ಮೊದಲೇ, ಚಿಲ್ಲರೆಯಾಗಿರುವಾಗಲೇ ಎತ್ತಿಡಬೇಕು.

ಆ ಪಿಗ್ಮಿಯನ್ನೇ ನೀವು ತಿರುಗಿಸಿ ಸಾಲಕ್ಕೆ ಕಟ್ಟಬೇಕು. ಏಜೆಂಟ್ ಬೇಡ, ಫೋನಿನಲ್ಲಿ ಯುಪಿಐ ಇದೆ. ಬೇಕಾದದ್ದು ಮೊದಲ ಮಾತು ಎತ್ತುವ ಧೈರ್ಯ.

ಆ ಮಾತು ಎತ್ತುವುದು ಹೇಗೆ? ‘ಅಪ್ಪ, ಎಷ್ಟು ಸಾಲ ಮಾಡಿಟ್ಟಿದ್ದೀರಿ?’ ಎಂದರೆ ಅದು ವಿಚಾರಣೆ. ಅವರು ಚಪ್ಪಲಿ ಮೆಟ್ಟಿ ಕೆಳಗೆ ಹೋಗಿಬಿಡುತ್ತಾರೆ. ‘ಅಪ್ಪ, ಈ ತಿಂಗಳಿಂದ ಯಾವ ಕಂತು ನಾನು ಕಟ್ಟಲಿ?’ ಎಂದು ಕೇಳಿ. ಇದಕ್ಕೆ ಉತ್ತರ ಕೊಡಬೇಕಾದರೆ ಕಂತುಗಳ ಪಟ್ಟಿ ಹೊರಗೆ ಬರಲೇಬೇಕು. ಹುಡುಗಿಯರೂ ಕೇಳಬೇಕು. ‘ಅವಳ ಸಂಬಳ ಅವಳ ಮದುವೆಗೆ ಇರಲಿ’ ಎಂದು ಮಗಳನ್ನು ಲೆಕ್ಕದಿಂದ ಹೊರಗಿಡುವ ಮನೆಗಳು ಕಲ್ಯಾಣದಲ್ಲೂ ಇವೆ, ವಾಶಿಯಲ್ಲೂ ಇವೆ. ಆ ಮದುವೆಗೇ ಮುಂದೆ ಇನ್ನೊಂದು ಲೋನ್ ಆಗುತ್ತದೆ.

ಒಂದು ಭಾನುವಾರ ಊಟವಾದ ಮೇಲೆ, ಟಿವಿ ಆರಿಸಿ ಕೂತುಕೊಳ್ಳಿ. ಕಪಾಟಿನ ಮೇಲಿನ ತಗಡಿನ ಡಬ್ಬ ಕೆಳಗಿಳಿಯಲಿ. ಅದರಲ್ಲಿ ಏನಿರುತ್ತದೆ ಎಂದು ನಿಮಗೂ ಗೊತ್ತು: ರಬ್ಬರ್ ಬ್ಯಾಂಡ್ ಹಾಕಿದ ಮಹಾವಿತರಣ್ ವಿದ್ಯುತ್ ಬಿಲ್ಲುಗಳು, ಸೊಸೈಟಿಯ ಮೇಂಟೆನೆನ್ಸ್ ರಸೀದಿ, ಚಿನ್ನ ಅಡವಿಟ್ಟ ಚೀಟಿ, ಹಳೇ ಎಲ್‌ಐಸಿ ಪಾಲಿಸಿ, ಮತ್ತೆ ಒಡೆಯದೇ ಬಿಟ್ಟ ಲಕೋಟೆಗಳು. ಆ ಒಡೆಯದ ಲಕೋಟೆಗಳನ್ನು ಮೊದಲು ಒಡೆಯಿರಿ. ಭಯ ಇರುವುದು ಅದರಲ್ಲೇ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಕ್ಕೂ ನಾಲ್ಕು ಕಾಲಂ ಎಳೆಯಿರಿ: ಯಾರಿಗೆ, ಎಷ್ಟು ಬಾಕಿ, ಬಡ್ಡಿ ಎಷ್ಟು, ಕಂತು ಯಾವ ತಾರೀಖಿಗೆ. ಅಪ್ಪನಿಗೇ ಮರೆತುಹೋದದ್ದು ಇದ್ದರೆ, ಸಿಬಿಲ್‌ನಂಥ ಕ್ರೆಡಿಟ್ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದನ್ನು ತೆಗೆಸಿ. ಭಾವನ ಕೈಗಡ ಮಾತ್ರ ಯಾವ ವರದಿಯಲ್ಲೂ ಬರುವುದಿಲ್ಲ, ಅದನ್ನು ಅಮ್ಮ ನೆನಪಿಟ್ಟಿರುತ್ತಾರೆ.

ಪಟ್ಟಿ ಆದಮೇಲೆ ಕಣ್ಣಿಗೆ ಹೊಡೆಯುವುದು ಕ್ರೆಡಿಟ್ ಕಾರ್ಡ್. 60,000 ಬಾಕಿ ಇದೆ ಎಂದುಕೊಳ್ಳಿ. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಎಂದರೆ 2,100 ರೂಪಾಯಿ, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 378. ‘ಮಿನಿಮಮ್ ಡ್ಯೂ’ ಶೇ. 5ರಂತೆ 3,000 ಕಟ್ಟಿ ಅಪ್ಪ ನೆಮ್ಮದಿಯಾಗಿ ಮಲಗುತ್ತಾರೆ. ಅದರಲ್ಲಿ ಅಸಲಿಗೆ ಹೋದದ್ದು 522 ರೂಪಾಯಿ! ಊರಿನ ಸಾಹುಕಾರ ಇಷ್ಟು ಬಡ್ಡಿ ಕೇಳಿದ್ದರೆ ಬೈದು ಅಟ್ಟುತ್ತಿದ್ದ ಮನುಷ್ಯ, ಹೊಳೆಯುವ ಕಾರ್ಡಿಗೆ ಸುಮ್ಮನೆ ತೆರುತ್ತಾರೆ. ನಿಮ್ಮ ಮೊದಲ ಮೂರು ನಾಲ್ಕು ತಿಂಗಳ ಸಂಬಳದ ದೊಡ್ಡ ಪಾಲು ಹೋಗಬೇಕಾದದ್ದು ಇಲ್ಲಿಗೆ. ಹೊಸ ಐಫೋನಿನ ಕಂತಿಗಲ್ಲ, ಬುಲೆಟ್ ಗಾಡಿಯ ಡೌನ್ ಪೇಮೆಂಟಿಗಲ್ಲ. ಕಾರ್ಡು ಮುಗಿದ ತಿಂಗಳು ಅದೇ ದುಡ್ಡು ಪರ್ಸನಲ್ ಲೋನಿಗೆ ತಿರುಗಲಿ, ಅದು ಮುಗಿದರೆ ಮುಂದಿನದಕ್ಕೆ. ಬಡ್ಡಿ ಹೆಚ್ಚಿದ್ದಕ್ಕೆ ಮೊದಲ ಪೆಟ್ಟು. ಅಮ್ಮನ ಬಳೆಯ ವಿಷಯದಲ್ಲಿ ಮಾತ್ರ ಲೆಕ್ಕವನ್ನು ಸ್ವಲ್ಪ ಬದಿಗಿಡಿ ಎನ್ನುತ್ತೇನೆ. ಅದರ ಬಡ್ಡಿ ಕಾರ್ಡಿಗಿಂತ ಕಡಿಮೆಯೇ ಇರಬಹುದು, ಆದರೂ ಬೇಗ ಬಿಡಿಸಿ. ಲೆಕ್ಕದ ಮೇಷ್ಟ್ರುಗಳು ಏನಾದರೂ ಅನ್ನಲಿ.

ಇನ್ನು ಮನೆಯ ಲೋನ್. ಇದು ಹಳೆಯದು, ಇದರಲ್ಲಿ ಮಾಡುವಂಥದ್ದು ಏನೂ ಇಲ್ಲ ಎಂದು ಎಲ್ಲರೂ ಕೈಬಿಟ್ಟಿರುತ್ತಾರೆ. ಮಾಡುವಂಥದ್ದು ಹೆಚ್ಚು ಇರುವುದು ಇಲ್ಲೇ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 6.5ರಿಂದ 5.25ಕ್ಕೆ ಇಳಿಸಿತು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳಲ್ಲಿ ತೆಗೆದ ಫ್ಲೋಟಿಂಗ್ ಗೃಹಸಾಲ ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಕೊಂಡಿರುವುದರಿಂದ ಅವಕ್ಕೆ ಇಳಿಕೆ ಸಿಗುತ್ತದೆ. ಅಪ್ಪನ ಸಾಲ ಅದಕ್ಕಿಂತ ಹಳೆಯದಾಗಿದ್ದರೆ, ಅಥವಾ ಹೌಸಿಂಗ್ ಫೈನಾನ್ಸ್ ಕಂಪನಿಯದಾಗಿದ್ದರೆ, ಕೇಳದೆ ಸಿಗದಿರಬಹುದು. ಬ್ರಾಂಚಿಗೆ ಹೋಗಿ ‘ನಮ್ಮ ದರ ಬದಲಾಯಿಸಿ ಕೊಡಿ’ ಎಂದು ಬರೆದುಕೊಡಿ. ಸಣ್ಣ ಶುಲ್ಕ ಕೇಳಬಹುದು, ಕೊಡಿ. ಬಾಕಿ 20 ಲಕ್ಷ, ಅವಧಿ 12 ವರ್ಷ, ದರ ಒಂಬತ್ತೂವರೆಯಿಂದ ಎಂಟಕ್ಕೆ ಇಳಿಯಿತು ಅನ್ನಿ. 23,300ರ ಕಂತು 21,650ರ ಹತ್ತಿರಕ್ಕೆ ಬರುತ್ತದೆ. ಇಲ್ಲಿ ಒಂದು ಕಿವಿಮಾತು: ಕಂತು ಇಳಿಸಿಕೊಳ್ಳಬೇಡಿ. ಹಳೇ ಕಂತನ್ನೇ ಕಟ್ಟುತ್ತಾ ಹೋದರೆ 144 ತಿಂಗಳ ಸಾಲ 128 ತಿಂಗಳಿಗೆ ಮುಗಿಯುತ್ತದೆ. ಹದಿನಾರು ಕಂತು, ಮೂರೂಮುಕ್ಕಾಲು ಲಕ್ಷ ರೂಪಾಯಿ, ಒಂದು ಅರ್ಜಿಯಿಂದ. ಫ್ಲೋಟಿಂಗ್ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಜನಸಾಮಾನ್ಯರಿಂದ ದಂಡ ವಸೂಲಿ ಮಾಡುವಂತಿಲ್ಲ. ಆದ್ದರಿಂದ ದೀಪಾವಳಿ ಬೋನಸ್ಸಿಗೂ ದಾರಿ ಗೊತ್ತಾಯಿತಲ್ಲ.

ಖರ್ಚು ಕಡಿತದ ಮಾತಿಗೆ ಬರೋಣ. ‘ದಿನಕ್ಕೊಂದು ಚಹಾ ಬಿಡಿ, ಕೋಟ್ಯಧಿಪತಿಯಾಗಿ’ ಎಂಬ ಉಪದೇಶ ನನಗೆ ಆಗುವುದಿಲ್ಲ. ಅರ್ಧ ಮುಂಬಯಿಗೆ ಇಡ್ಲಿ, ಕಾಫಿ ಕೊಟ್ಟ ಮನೆಗಳ ಮಕ್ಕಳಿಗೆ ಹೇಳುವ ಮಾತೇ ಅದು! ಸ್ಟೇಷನ್ನಿನ ವಡಾಪಾವ್ ತಿನ್ನಿ. ಅಜ್ಜನ ಬಿಪಿ ಮಾತ್ರೆಗೆ ಕೈ ಹಚ್ಚಬೇಡಿ. ಕತ್ತರಿ ಬೀಳಬೇಕಾದದ್ದು ಯಾರಿಗೂ ಸುಖ ಕೊಡದೆ ಸೋರಿಹೋಗುವ ಕಡೆ.

ವಿದ್ಯುತ್ತನ್ನೇ ನೋಡಿ. ಮಹಾವಿತರಣ್ ದರದಲ್ಲಿ ಮೊದಲ 100 ಯೂನಿಟ್‌ಗೆ ಒಂದು ಬೆಲೆ, 101ರಿಂದ 300ರವರೆಗೆ ಹೆಚ್ಚುಕಡಿಮೆ ಅದರ ಇಮ್ಮಡಿ, ಮುಂದೆ ಇನ್ನೂ ಏರು. ಮನೆಯ ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ ಸುಮಾರು 30. ಡೊಂಬಿವಲಿಯ ಸೆಕೆಯಲ್ಲಿ ನಾಲ್ಕು ಫ್ಯಾನ್ ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 65 ಯೂನಿಟ್ ಉಳಿಯುತ್ತದೆ. 160 ಯೂನಿಟ್ ಸುಡುತ್ತಿದ್ದ ಮನೆ 100ರ ಒಳಗೆ ಬರುತ್ತದೆ, ಉಳಿತಾಯವಾದದ್ದೂ ಹೆಚ್ಚಾಗಿ ದುಬಾರಿ ಹಂತದ ಯೂನಿಟ್ಟೇ. ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಬೇಡ, ಅದಕ್ಕೆ ಮತ್ತೆ ಸಾಲ ಮಾಡಬೇಡಿ. ಹೆಚ್ಚು ತಿರುಗುವ ಹಾಲಿನ ಫ್ಯಾನಿನಿಂದ ಶುರುಮಾಡಿ.

ಲೋಕಲಿನ ಪಾಸು ತಿಂಗಳು ತಿಂಗಳಿಗೆ ತೆಗೆಯುವುದಕ್ಕಿಂತ ಮೂರು ತಿಂಗಳದ್ದು ಅಗ್ಗ. ಊರಿಗೆ ಹೋಗುವುದು ಮೇ ತಿಂಗಳಲ್ಲೇ ಎಂದು ಗೊತ್ತಿದ್ದರೂ ಕೊನೆಯ ವಾರದ ತನಕ ಕಾದು ಖಾಸಗಿ ಬಸ್ಸಿಗೆ ಎರಡು ಪಟ್ಟು ತೆರುವ ಚಾಳಿ ನಮ್ಮದು. ಮತ್ಸ್ಯಗಂಧ ರೈಲಿಗೆ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ, ಆ ಬೆಳಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂರುವ ಡ್ಯೂಟಿ ನಿಮ್ಮದು. ಯಾರೂ ನೋಡದ ಒಟಿಟಿಗಳು, ಯಾರೂ ಹೋಗದ ಜಿಮ್ಮು, ಇಬ್ಬಿಬ್ಬರು ಡೇಟಾ ಹಾಕಿಸಿಕೊಂಡ ಮೇಲೂ ಇರುವ ಕೇಬಲ್: ಇವನ್ನು ನಿಲ್ಲಿಸಲು ಹತ್ತು ನಿಮಿಷ ಸಾಕು.

ಆದರೆ ಬಿಲ್ ಇಳಿಸಿದ ಮಾತ್ರಕ್ಕೆ ಸಾಲ ಇಳಿಯುವುದಿಲ್ಲ. ವಿದ್ಯುತ್ತಿನಲ್ಲಿ ಉಳಿದ ಆರುನೂರು ರೂಪಾಯಿ ಶನಿವಾರ ರಾತ್ರಿ ಸ್ವಿಗ್ಗಿಯಲ್ಲಿ ಹೋಗಿರುತ್ತದೆ. ಪಿಗ್ಮಿ ಬೇಕಾಗುವುದು ಇಲ್ಲೇ. ಬಿಲ್ ಕಟ್ಟಿದ ದಿನವೇ, ಕಳೆದ ತಿಂಗಳಿಗಿಂತ ಎಷ್ಟು ಕಡಿಮೆ ಬಂತೋ ಅಷ್ಟನ್ನೂ ಪಟ್ಟಿಯ ಮೊದಲ ಸಾಲಕ್ಕೆ ಹಾಕಿಬಿಡಿ. ನೋಟ್‌ಬುಕ್ಕಿನಲ್ಲಿ ಬಾಕಿಯ ಹೊಸ ಅಂಕಿ ಬರೆಯುವ ಕೆಲಸ ಮನೆಯ ಅತಿ ಕಿರಿಯರದ್ದಾಗಲಿ. ಹತ್ತನೇ ಕ್ಲಾಸಿನ ತಂಗಿ ತಿಂಗಳು ತಿಂಗಳೂ ಆ ಅಂಕಿ ಇಳಿಯುವುದನ್ನು ಕಂಡರೆ, ನಾಳೆ ಅವಳ ಕೈಗೆ ಕಾರ್ಡ್ ಬಂದಾಗ ಯಾರೂ ಬುದ್ಧಿ ಹೇಳಬೇಕಾಗಿಲ್ಲ.

ಎಚ್ಚರಿಕೆಯ ಎರಡು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಐದು ನಿಮಿಷದಲ್ಲಿ ಸಾಲ ಎನ್ನುವ ಆ್ಯಪ್‌ಗಳ ತಂಟೆಗೆ ಹೋಗಬೇಡಿ. ಸಾಲ ಕೊಡುವ ಸಂಸ್ಥೆಯ ಹೆಸರು, ಎಲ್ಲ ಖರ್ಚೂ ಸೇರಿದ ವಾರ್ಷಿಕ ದರ, ಇವನ್ನು ಮೊದಲೇ ಬರಹದಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ವಿಧಿಸಿದೆ. ಕೊಡದವರು ಕಳ್ಳರು ಎಂದೇ ತಿಳಿಯಿರಿ. ನುಕ್ಕಡಿನಲ್ಲಿ ಕೂತು ತಿಂಗಳಿಗೆ ನೂರಕ್ಕೆ ಹತ್ತು ಎನ್ನುವವನಿಗೆ ಪರವಾನಗಿ ಇದೆಯೇ ಕೇಳಿ. 2014ರ ಮಹಾರಾಷ್ಟ್ರದ ಲೇವಾದೇವಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಡ್ಡಿ ವ್ಯಾಪಾರ ಅಪರಾಧ. ಅಂಥವನ ಕೈಗೆ ಅಪ್ಪ ಸಿಕ್ಕಿಬಿದ್ದಿದ್ದರೆ ನಾಚಿಕೆ ಪಡಬೇಕಾದವರು ಅಪ್ಪನಲ್ಲ. ಎರಡನೆಯದು, ಮನೆಯ ಮೇಲಿನ ಪ್ರೀತಿಯಿಂದ ಹೊಸ ಸಾಲದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಹಳೆಯದನ್ನು ಕೂಡಿ ತೀರಿಸೋಣ, ಹೊಸದು ಬೇಡ ಎಂದು ಹೇಳುವ ಹಕ್ಕು ಕಂತು ಕಟ್ಟುವವರಿಗೆ ಇದೆ. ಆ ಮಾತನ್ನು ದನಿ ಏರಿಸದೆ ಹೇಳಿ. ಈ ಊರಿಗೆ ಟ್ರಂಕು ಹೊತ್ತು ಬಂದು, ಹೋಟೆಲಿನ ಅಟ್ಟದ ಮೇಲೆ ಮಲಗಿ, ನಿಮ್ಮನ್ನು ಕಾಲೇಜಿಗೆ ಕಳಿಸಿದವರ ಮುಂದೆ ನೀವು ಕೂತಿದ್ದೀರಿ.

ಕೊನೆಯ ಕಂತು ಕಟ್ಟಿದ ದಿನ ಕೆಲಸ ಮುಗಿಯಿತೆಂದು ಸುಮ್ಮನಾಗಬೇಡಿ. ಬಾಕಿ ಇಲ್ಲವೆಂಬ ಪತ್ರ ಕೇಳಿ ತೆಗೆದುಕೊಳ್ಳಿ. ಫ್ಲ್ಯಾಟಿನ ಅಸಲು ಕಾಗದಪತ್ರಗಳನ್ನು ಸಾಲ ಕೊಟ್ಟವರು ಅದು ತೀರಿದ 30 ದಿನದೊಳಗೆ ಮರಳಿಸಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯಲ್ಲಿದೆ. ಒಂದೆರಡು ತಿಂಗಳ ಮೇಲೆ ಕ್ರೆಡಿಟ್ ವರದಿಯಲ್ಲೂ ಆ ಸಾಲ ‘ಮುಚ್ಚಿದೆ’ ಎಂದು ಬಂದಿದೆಯೇ ನೋಡಿ. ಕಾಗದ ತರಲು ಬ್ರಾಂಚಿಗೆ ಹೋಗುವಾಗ ಅಪ್ಪನ ಜೊತೆ ಅಮ್ಮನನ್ನೂ ಕರೆದುಕೊಂಡು ಹೋಗಿ, ಅಗ್ರಿಮೆಂಟಿನ ಪ್ರತಿ ಪುಟವನ್ನೂ ಅಲ್ಲೇ ಕೌಂಟರಿನ ಮುಂದೆ ನಿಂತು ಎಣಿಸಿ. ಒಂದು ಪುಟ ಕಡಿಮೆ ಇದ್ದರೂ ಸಹಿ ಹಾಕಬೇಡಿ.